ಚೆನ್ನಾಗಿ ಕೆಡಿಸಿದ ಫ್ಯಾನು

"ಮನೇಲಿ ಎಷ್ಟು ಜನ ಇದೀರಾ?" ಎಂದು ಜನಗಣತಿಗೆ ಬಂದ ಹುಡುಗಿ ಕೇಳಿದಾಗ "ಇಬ್ಬರೇ" ಎಂದೆ. ಅವಳು ನನ್ನ ಹೆಗಲಾಚೆಗೆ ಹಾಲಿನೊಳಗೆ ಇಣುಕಿ, ಬರೆಯದೆ ಪೆನ್ನನ್ನು ಹಾಗೇ ಹಿಡಿದುಕೊಂಡಳು. ತಪ್ಪು ಅವಳದಲ್ಲ. ನಮ್ಮ ಮನೆಯ ಬಾಗಿಲು ತೆರೆದರೆ ಎದುರಿಗೇ ಎರಡು ಹಳೇ ಫ್ರಿಜ್ಜುಗಳು ಭುಜಕ್ಕೆ ಭುಜ ಕೊಟ್ಟು ನಿಂತಿವೆ. ಅವುಗಳ ನೆತ್ತಿಯ ಮೇಲೆ ಟೋಸ್ಟರುಗಳು. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಇಸ್ತ್ರಿಪೆಟ್ಟಿಗೆಗಳು, ಮಿಕ್ಸಿಗಳು, ರೇಡಿಯೊಗಳು, ಕುಂಬಳಕಾಯಿಯಂಥ ಒಂದು ವ್ಯಾಕ್ಯೂಮ್ ಕ್ಲೀನರು. ಟೇಬಲ್ ಫ್ಯಾನುಗಳಂತೂ ಗ್ರೂಪ್ ಫೋಟೊಗೆ ನಿಂತ ಹಾಗೆ, ಎತ್ತರದವು ಹಿಂದೆ, ಗಿಡ್ಡವು ಮುಂದೆ, ಎಲ್ಲವೂ ಬಾಗಿಲಿನ ಕಡೆಗೇ ಮುಖ ಮಾಡಿಕೊಂಡಿವೆ.

"ಅಂಗಡಿನಾ ಆಂಟಿ?" ಎಂದಳು.

"ಅಲ್ಲಮ್ಮ, ಸಂಸಾರ" ಎಂದೆ.

ಇದೆಲ್ಲ ನಮ್ಮವರ ಸಂಪಾದನೆ. ನಮ್ಮವರು ಲಿಫ್ಟ್ ಮೆಕ್ಯಾನಿಕ್. ಹಗಲೆಲ್ಲ ಜನರನ್ನು ಮೇಲಕ್ಕೂ ಕೆಳಕ್ಕೂ ಕಳಿಸುವ ಯಂತ್ರಗಳ ಜೊತೆ ಗುದ್ದಾಡಿ ಸಂಜೆ ಮನೆಗೆ ಬರುವಾಗ ಕಂಕುಳಲ್ಲಿ ಏನಾದರೊಂದು ಇದ್ದೇ ಇರುತ್ತದೆ. ಯಾರೋ ಮನೆ ಖಾಲಿ ಮಾಡುವಾಗ ಮೂಲೆಗೆ ತಳ್ಳಿದ ಮಿಕ್ಸಿ, ಯಾವುದೋ ಕಟ್ಟಡದ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿದ್ದ ರೇಡಿಯೊ. ಬೇರೆ ಗಂಡಸರು ಮನೆಗೆ ಬರುವಾಗ ಹಣ್ಣೋ ಹೂವೋ ತರುತ್ತಾರೆಂದು ಕೇಳಿದ್ದೇನೆ. ಇವರು ತಂದದ್ದನ್ನು ಮೊದಲು ಸೀಮೆಎಣ್ಣೆಯಲ್ಲಿ ಅದ್ದಬೇಕು.

"ಈಗಿನ ಸಾಮಾನು ಕೆಟ್ಟರೆ ಸತ್ತ ಹಾಗೆ ಕಣೇ" ಎನ್ನುತ್ತಾರೆ. "ಅಂಟು ಹಾಕಿ ಮುಚ್ಚಿರ್ತಾರೆ, ತೆಗೆಯೋಕೇ ಆಗಲ್ಲ. ಇವು ಹಾಗಲ್ಲ. ಕೆಟ್ಟರೆ ಬರೀ ಕೆಟ್ಟಿರ್ತವೆ, ಅಷ್ಟೆ. ನಾಲ್ಕು ಸ್ಕ್ರೂ ಬಿಚ್ಚಿದ್ರೆ ಎಲ್ಲಿ ನೋವು ಅಂತ ತಾವೇ ಹೇಳ್ತವೆ."

ನಮ್ಮ ಮನೆಯ ಕಾನೂನು ಒಂದೇ: ಕೂತು ತಿನ್ನುವವರಿಗೆ ಇಲ್ಲಿ ಜಾಗವಿಲ್ಲ. ಗಾಜಿನ ಬೀರುವಿನಲ್ಲಿಟ್ಟು ನೋಡುವ ಸಂಗ್ರಹ ಇವರದಲ್ಲ. ಬಂದದ್ದೆಲ್ಲ ರಿಪೇರಿಯಾಗಬೇಕು, ಸರದಿಯ ಮೇಲೆ ಕೆಲಸ ಮಾಡಬೇಕು. ಹಾಗಾಗಿ ನಮಗೆ ದಿನಕ್ಕೊಂದು ರುಚಿಯ ಟೋಸ್ಟು. ಒಂದು ಟೋಸ್ಟರಿಗೆ ಎರಡೂ ಕಡೆ ರೆಕ್ಕೆಯಂಥ ಬಾಗಿಲುಗಳಿವೆ, ಬ್ರೆಡ್ಡನ್ನು ನಾವೇ ಮಗುಚಬೇಕು. ಮರೆತರೆ ಒಂದು ಮಗ್ಗುಲು ಇದ್ದಿಲು. ಇನ್ನೊಂದು ಬ್ರೆಡ್ಡನ್ನು ಎಷ್ಟು ಮೇಲಕ್ಕೆ ಚಿಮ್ಮಿಸುತ್ತದೆಂದರೆ ಒಬ್ಬರು ತಟ್ಟೆ ಹಿಡಿದು ಕಾಯುತ್ತಿರಬೇಕು. ಬೆಳಗಿನ ಸುದ್ದಿ ಕೇಳಬೇಕಾದರೆ ರೇಡಿಯೊ ಬಿಸಿಯಾಗುವ ತನಕ ತಾಳ್ಮೆ ಬೇಕು. ಅಷ್ಟರಲ್ಲಿ ಅರ್ಧ ಸುದ್ದಿ ಮುಗಿದಿರುತ್ತದೆ. ಯಾರೋ ತೀರಿಕೊಂಡದ್ದು ತಿಳಿಯುತ್ತದೆ, ಯಾರು ಎಂದು ತಿಳಿಯುವುದಿಲ್ಲ.

ಹುಚ್ಚು ಎಂದರೆ ಹುಚ್ಚೇ. ಆದರೆ ಸುಳ್ಳೇಕೆ ಹೇಳಲಿ, ಅದರ ಗಾಳಿ ನನಗೂ ಸ್ವಲ್ಪ ಸೋಕಿದೆ. ನಾನು ಟೈಲರ್. ಕಿಟಕಿಯ ಪಕ್ಕ ಅಮ್ಮನ ಕಾಲದ ಪೆಡಲ್ ಮೆಷಿನ್ನು ಹಾಕಿಕೊಂಡು ಷರ್ಟು, ಯೂನಿಫಾರ್ಮು ಹೊಲಿಯುತ್ತೇನೆ, ಹೊಟ್ಟೆ ಬೆಳೆದವರ ಪ್ಯಾಂಟಿನ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಡುತ್ತೇನೆ. ಕಾಲರಿಗೆ ಈಗಿನ ಹಗುರ ಇಸ್ತ್ರಿಪೆಟ್ಟಿಗೆ ನನಗೆ ಆಗಿಬರುವುದಿಲ್ಲ. ಇವರ ಹಲಗೆಯಿಂದ ಮಣಭಾರದ್ದೊಂದನ್ನು ಇಳಿಸಿಕೊಂಡು ಒಂದೇ ಸಲ ಎಳೆದರೆ ಸಾಕು, ಕಾಲರು ಹೇಳಿದ ಮಾತು ಕೇಳುತ್ತದೆ. ಒಮ್ಮೆ ಇವರು ಒಂದು ಮಿಕ್ಸಿಯ ತಳ ಬಿಚ್ಚಿ ನನ್ನನ್ನು ಕರೆದು ತೋರಿಸಿದರು. ಒಳಗಿನ ಹಸಿರು ಬಣ್ಣದಲ್ಲಿ ಒಂದು ಹೆಬ್ಬೆಟ್ಟಿನ ಗುರುತು. ನಾವು ಹುಟ್ಟುವ ಮೊದಲು ಯಾವುದೋ ಕಾರ್ಖಾನೆಯಲ್ಲಿ, ಬಣ್ಣ ಆರುವ ಮುಂಚೆಯೇ ಯಾರೋ ಎತ್ತಿಟ್ಟಿದ್ದರು. "ಇದೊಂದು ಬಿಟ್ಟು ಉಳಿದಿದ್ದಕ್ಕೆ ಬಣ್ಣ ಹೊಡೀತೀನಿ" ಎಂದರು. ಅವತ್ತು ನನಗೆ ಈ ಮನುಷ್ಯನ ಮೇಲೆ ಹೊಸದಾಗಿ ಪ್ರೀತಿ ಹುಟ್ಟಿತು.

ಆ ಪ್ರೀತಿ ಬಾಳುವುದು ನನ್ನ ಮೆಷಿನ್ನಿನ ಮುಂದೆ ಕೂರುವವರೆಗೆ ಮಾತ್ರ. ಪೆಡಲ್ ತುಳಿದರೆ ಸಾಕು, ಅದು ಕಿರ್ರೋ ಎನ್ನುತ್ತದೆ. ಬೀದಿಯವರ ಸಾಮಾನಿಗೆಲ್ಲ ಮದ್ದು ಮಾಡುವವರು ಇದಕ್ಕೆ ಮಾತ್ರ ವರ್ಷಗಳಿಂದ "ನಾಳೆ" ಎನ್ನುತ್ತಲೇ ಇದ್ದರು. ಊರಿಗೆ ಉಪಕಾರಿ, ಮನೆಗೆ ಮಾರಿ.

ಇಂಥವರು ಇವರೊಬ್ಬರೇ ಆಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಇವರಿಗೊಂದು ಸಂಘವೂ ಇದೆ, ಅದು ಭಾನುವಾರ ನಮ್ಮ ಹಾಲಿನಲ್ಲೇ ಸೇರುತ್ತದೆ. ಅಧ್ಯಕ್ಷರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ರೇಡಿಯೊ ಎಂದರೆ ಅವರಿಗೆ ಪ್ರಾಣ. ಬೀದಿ ಕೊನೆಯ ಬೇಕರಿಯವರು ಟೋಸ್ಟರ್ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಹಲ್ಲಿನ ಡಾಕ್ಟರಮ್ಮನಿಗೆ ಮಿಕ್ಸಿಗಳು. ತಿರುಗುವ ಯಂತ್ರದ ಸದ್ದು ಕೇಳಿದರೆ ಅವರ ಪೇಷೆಂಟುಗಳ ಮುಖ ಬಾಡುತ್ತದೆ, ಅವರ ಮುಖ ಅರಳುತ್ತದೆ. ಸಂಘಕ್ಕೊಂದು ಪದ್ಧತಿ ಉಂಟು. ಯಾರೇ ಯಾವ ಯಂತ್ರವನ್ನು ಸರಿಮಾಡಿದರೂ, ಒಳಗಿಂದ ತೆಗೆದ ಸವೆದ ಭಾಗವನ್ನು ಭಾನುವಾರ ಎಲ್ಲರೆದುರು ತಂದಿಡಬೇಕು. ಮೇಷ್ಟ್ರು ಅದನ್ನು ಕಬ್ಬಿಣದ ದಿಮ್ಮಿಯ ಮೇಲಿಟ್ಟು ಸುತ್ತಿಗೆಯಿಂದ ಜಜ್ಜುತ್ತಾರೆ. ಕೆಟ್ಟದ್ದನ್ನು ಜೋಪಾನ ಮಾಡಿದರೆ ಮುಂದೊಂದು ದಿನ ಸೋಮಾರಿತನಕ್ಕೆ ಅದನ್ನೇ ಇನ್ನೊಂದರೊಳಗೆ ತುರುಕಿಬಿಡುತ್ತೇವೆ ಎನ್ನುವುದು ಅವರ ವಾದ. ಜಜ್ಜಿಯಾದ ಮೇಲೆ ಕಾಫಿ. ಕಾಫಿ ಮಾಡುವುದು ನಾನು.

ಹೀಗಿರುವಾಗ ಅತ್ತೆ ಬಂದರು. ಇವರ ತಂದೆಯ ತಂಗಿ, ಅಂದರೆ ಇವರಿಗೆ ಸೋದರತ್ತೆ. ಇವರು ಚಿಕ್ಕವರಿದ್ದಾಗಲೇ ತಾಯಿ ತೀರಿಕೊಂಡದ್ದರಿಂದ ಎತ್ತಿ ಆಡಿಸಿ ಬೆಳೆಸಿದವರು ಅವರೇ. ಮದುವೆಯಾಗಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದರು. ಈಗಲೂ ಎದುರಿಗೆ ನಿಂತು ಮಾತಾಡುವಾಗ ನಡುವೆ ಒಲೆಯ ಮೇಲಿನ ಹಾಲು ನೆನಪಾದರೆ "ಲೈನಲ್ಲೇ ಇರು" ಎಂದು ಹೇಳಿ ಅಡುಗೆಮನೆಗೆ ಹೋಗುತ್ತಾರೆ. ಇವರು ಬಾಲ್ಯದಲ್ಲಿ ಅತ್ತೆಯ ಅಲಾರಾಂ ಗಡಿಯಾರವನ್ನು ಬಿಚ್ಚಿ, ಜೋಡಿಸಲು ಬಾರದೆ, ಚೂರುಗಳನ್ನೆಲ್ಲ ಅವರ ದಿಂಬಿನ ಕೆಳಗೇ ಬಚ್ಚಿಟ್ಟಿದ್ದರಂತೆ. ಅತ್ತೆ ಮರುದಿನ ತಡವಾಗಿ ಕೆಲಸಕ್ಕೆ ಹೋಗಿ ಬೈಸಿಕೊಂಡು ಬಂದರು. ಇವರಿಗೆ ಒಂದು ಮಾತೂ ಆಡಲಿಲ್ಲ. ಸಂಜೆ ಬರುವಾಗ ಒಂದು ಸ್ಕ್ರೂಡ್ರೈವರ್ ತಂದುಕೊಟ್ಟರು. ನಮ್ಮ ಹಾಲಿನ ಇಷ್ಟೂ ಬೆಳೆಗೆ ಅದೇ ಬೀಜ.

ಅತ್ತೆ ಬಾಡಿಗೆಗಿದ್ದ ಹಳೆಯ ಕಟ್ಟಡವನ್ನು ಕೆಡವುತ್ತಾರೆ ಎಂದಾದಾಗ ಇವರು "ನಮ್ಮನೆಗೆ ಬಂದ್ಬಿಡು ಅತ್ತೆ" ಎಂದರು.

"ನೋಡೋಣ" ಎಂದರು ಅತ್ತೆ. "ನನಗೆ ಎಲ್ಲಿ ನಿದ್ದೆ ಬರುತ್ತೋ ಅದೇ ನನ್ನ ಮನೆ. ಬರಲಿಲ್ಲ ಅಂದ್ರೆ ನನ್ನ ಜೊತೆ ಕೆಲಸ ಮಾಡ್ತಿದ್ದವಳ ಫ್ಲ್ಯಾಟಲ್ಲಿ ಒಂದು ರೂಮು ಖಾಲಿ ಇದೆ, ಅಲ್ಲಿಗೆ ಹೋಗ್ತೀನಿ. ಆಮೇಲೆ ಯಾರೂ ಮುಖ ಊದಿಸ್ಕೋಬಾರದು."

ಇವರು ಆಗಲಿ ಎಂದರು. ಅದು ಬಾಯಿಮಾತು. ಒಳಗೆ ಇವರಿಗೆ ಅತ್ತೆ ಇಲ್ಲೇ ಉಳಿಯಬೇಕಿತ್ತು, ಸಾಕಿದ ಋಣವನ್ನು ಒಂದಿಷ್ಟಾದರೂ ತೀರಿಸಬೇಕಿತ್ತು. ನನಗೋ, ಮೊದಲ ದಿನವೇ ಅವರು ನನ್ನ ಹೊಲಿಗೆಯಲ್ಲಿ ತಪ್ಪು ಹುಡುಕಿದರು, ನಾನು ಅವರ ಕಾಫಿಯಲ್ಲಿ ತಪ್ಪು ಹುಡುಕಿದೆ. ವಾರ ಕಳೆಯುವುದರೊಳಗೆ ನನಗೂ ಅವರು ಬೇಕೆನಿಸಿತು. ಜಗಳಕ್ಕೆ ಸರಿಸಮಾನರು ಸಿಗುವುದು ಸುಲಭವಲ್ಲ.

ಅವರು ತಂದದ್ದು ಒಂದು ಬ್ಯಾಗು ಬಟ್ಟೆ, ಒಂದು ಟೇಬಲ್ ಫ್ಯಾನು. ಫ್ಯಾನು ಅವರ ಮೊದಲ ಸಂಬಳದ್ದು. ನಮ್ಮ ಕೋಣೆಗೂ ಅವರ ಕೋಣೆಗೂ ನಡುವೆ ಇರುವುದು ಒಂದು ತೆಳು ಗೋಡೆ. ದೀಪ ಆರಿಸಿದ ಮೇಲೆ ಶುರುವಾಯಿತು. ಫ್ಯಾನು ಎಡಕ್ಕೆ ತಿರುಗಿ 'ಟಕ್' ಎನ್ನುತ್ತಿತ್ತು, ಬಲಕ್ಕೆ ಹೋಗಿ 'ಟಕ್ಕಟಕ್' ಎನ್ನುತ್ತಿತ್ತು. ನಡುವೆ ಒಂದು ಉಸಿರಿನಷ್ಟು ಬಿಡುವು. ಆ ಬಿಡುವಿನಲ್ಲಿ 'ನಿಂತಿತಲ್ಲ' ಎಂದು ಆಸೆ ಹುಟ್ಟುತ್ತಿತ್ತು, ಅಷ್ಟರಲ್ಲಿ ಮತ್ತೆ ಟಕ್. ನಾನು ದಿಂಬನ್ನು ಕಿವಿಗೆ ಒತ್ತಿಕೊಂಡು ಆ ಫ್ಯಾನಿನ ಏಳು ತಲೆಮಾರನ್ನು ಶಪಿಸಿದೆ. ಗೋಡೆಯಾಚೆ ಅತ್ತೆ ಸುಖವಾಗಿ ಗೊರಕೆ ಹೊಡೆಯುತ್ತಿದ್ದರು.

ಇವರು ಸುಮ್ಮನಿರುವ ಪೈಕಿಯೇ? ಅತ್ತೆ ಹಳೇ ಮನೆಯ ಉಳಿದ ವ್ಯವಹಾರ ಮುಗಿಸಿಕೊಂಡು ಬರಲು ಹೋದ ದಿನ ಫ್ಯಾನನ್ನು ಬಿಚ್ಚಿ ಹರಡಿದರು. ಅಷ್ಟು ಆಸ್ಥೆಯಿಂದ ಇವರು ಯಾವುದನ್ನೂ ಮಾಡಿದ್ದು ನಾನು ಕಂಡಿಲ್ಲ. ರೆಕ್ಕೆಗಳನ್ನು ತೂಗಿ ತೂಗಿ ಸಮ ಮಾಡಿದರು, ಹೊಸ ವೈರು ಎಳೆದರು, ಹಳೆಯದೇ ನೀಲಿಯನ್ನು ಹುಡುಕಿ ತಂದು ಬಣ್ಣ ಕೊಟ್ಟರು. ಸದ್ದಿನ ಮೂಲವೂ ಸಿಕ್ಕಿತು. ಫ್ಯಾನಿನ ಕತ್ತನ್ನು ಆಚೀಚೆ ತಿರುಗಿಸುವ ಒಂದು ಗಿಡ್ಡ ಪಟ್ಟಿ; ಅದರ ತುದಿಯ ದುಂಡು ತೂತು ಸವೆದು ಮೊಟ್ಟೆಯಾಕಾರಕ್ಕೆ ಬಂದಿತ್ತು. ಅದನ್ನು ತೆಗೆದು ಹೊಸ ಪಟ್ಟಿ ಕೂರಿಸಿದರು. ಆಮೇಲೆ ಫ್ಯಾನು ಹಾಕಿದರೆ, ಓಡುತ್ತಿದೆಯೋ ಇಲ್ಲವೋ ತಿಳಿಯಲು ಮುಂದೆ ಕಾಗದದ ಚೂರು ಹಿಡಿಯಬೇಕು, ಅಷ್ಟು ನಿಶ್ಶಬ್ದ.

ಭಾನುವಾರ ಸಂಘದವರೆದುರು ಫ್ಯಾನಿನ ಮೇಲಿನ ಬಟ್ಟೆ ಸರಿಸಿದರು. ಅತ್ತೆಯೇ ಮುಖ್ಯ ಅತಿಥಿ. ಮೇಷ್ಟ್ರು ಹಳೇ ಪಟ್ಟಿಯನ್ನು ದಿಮ್ಮಿಯ ಮೇಲಿಟ್ಟು, ಅಂದು ಗೌರವಕ್ಕೆಂದು ಎರಡೇಟು ಜಾಸ್ತಿಯೇ ಕೊಟ್ಟು ಪೂರಾ ಚಪ್ಪಟೆ ಮಾಡಿದರು. ಅತ್ತೆ ನೋಡುತ್ತಿದ್ದರು. ನಗುತ್ತಲೂ ಇದ್ದರು.

"ಹೊಸದರ ಹಾಗೇ ಆಗಿದೆ ಕಣೋ ಪುಟ್ಟ" ಎಂದರು. ಐವತ್ತು ದಾಟಿದ ಪುಟ್ಟ ನೆಲಕ್ಕಿಂತ ಒಂದು ಗೇಣು ಮೇಲೆ ನಡೆದಾಡಿದರು.

ಅಂದಿನಿಂದ ಗೋಡೆಯಾಚೆ ಗೊರಕೆಯೂ ನಿಂತಿತು. ನಾನು ಒಳ್ಳೆಯ ನಿದ್ದೆ ಮಾಡಿದೆ, ಅತ್ತೆ ಮಾಡಲಿಲ್ಲ. ದಿನ ಕಳೆದಂತೆ ಅವರ ಕಣ್ಣ ಕೆಳಗೆ ಕಪ್ಪು ಕಟ್ಟಿತು. ನನ್ನ ಹೊಲಿಗೆ ನೋಡಿಯೂ ಏನೂ ಅನ್ನದೆ ಮುಂದೆ ಹೋದರು; ಆಗಲೇ ನನಗೆ ಗಾಬರಿಯಾದದ್ದು. ಕೇಳಿದರೆ "ಜಾಗ ಬದಲಾಯ್ತಲ್ಲ, ಅದಕ್ಕೆ" ಎನ್ನುತ್ತಿದ್ದರು. ಇವರು ಹಾಸಿಗೆ ಬದಲಾಯಿಸಿದರು, ದಿಂಬು ಬದಲಾಯಿಸಿದರು, ಮಂಚದ ದಿಕ್ಕು ಬದಲಾಯಿಸಿದರು, ಕಿಟಕಿಗೆ ದಪ್ಪ ಪರದೆ ಹೊಲಿಯಲು ನನಗೆ ಹೇಳಿದರು. ಅತ್ತೆ ಎಲ್ಲಕ್ಕೂ "ಚೆ, ಎಷ್ಟು ಮಾಡ್ತೀಯೋ" ಎಂದರು. ಕೊನೆಗೆ ಒಂದು ಬೆಳಿಗ್ಗೆ ಟೋಸ್ಟಿಗೆ ಬೆಣ್ಣೆ ಸವರುತ್ತಾ, ತಲೆ ಎತ್ತದೆ ಹೇಳಿದರು:

"ಪುಟ್ಟ, ಈ ಭಾನುವಾರ ಹೋಗಿ ಆ ರೂಮು ನೋಡ್ಕೊಂಡು ಬರ್ತೀನಿ. ಸೋಮವಾರ ಹೊರಡ್ತೀನಿ. ಮೊದಲೇ ಮಾತಾಗಿತ್ತಲ್ಲ."

ಇವರು ಮುಖ ಊದಿಸಲಿಲ್ಲ, ಮಾತಿನ ಪ್ರಕಾರ ನಡೆದರು. ಟೋಸ್ಟನ್ನು ಮಗುಚುವುದು ಮಾತ್ರ ಮರೆತರು.

ಅವತ್ತೇ ಮಧ್ಯಾಹ್ನ ಅತ್ತೆ ಒಂದು ಕುರ್ಚಿ ಎಳೆದುಕೊಂಡು ಬಂದು ನನ್ನ ಮೆಷಿನ್ನಿನ ಪಕ್ಕ ಕೂತರು. ಮಾಡಲು ಕೆಲಸ ಬೇಕು ಎಂದು ಒಂದು ಪ್ಯಾಂಟಿನ ಮಡಿಕೆ ಬಿಚ್ಚತೊಡಗಿದರು. ನಾನು ಪೆಡಲ್ ತುಳಿದೆ. ಕಿರ್ರೋ, ಕಿರ್ರೋ. "ನಿನ್ನ ಈ ತೋಳಿದೆಯಲ್ಲ, ಇದು ಸ್ವಲ್ಪ..." ಎಂದು ಶುರುಮಾಡಿದವರು ಅಲ್ಲಿಗೇ ನಿಲ್ಲಿಸಿದರು. ತಿರುಗಿ ನೋಡಿದರೆ ಪ್ಯಾಂಟು ತೊಡೆಯ ಮೇಲೆ, ತಲೆ ಎದೆಯ ಮೇಲೆ, ಬಾಯಿ ತೆರೆದಿದೆ. ಗಾಢ ನಿದ್ದೆ. ನನಗೆ ಎಷ್ಟು ಸಂತೋಷವಾಯಿತೆಂದರೆ ತುಳಿಯುವುದನ್ನು ನಿಲ್ಲಿಸಿ ನೋಡುತ್ತಾ ಕೂತೆ. ತಕ್ಷಣ ಕಣ್ಣು ತೆರೆದರು.

"ಯಾಕೆ ನಿಲ್ಲಿಸ್ದೆ?"

"ಏನಿಲ್ಲ, ದಾರ ಮುಗೀತು."

ಮತ್ತೆ ತುಳಿದೆ, ಮತ್ತೆ ನಿದ್ದೆ ಹೋದರು. ನಿಲ್ಲಿಸಿದೆ, ಎದ್ದರು. ನನಗೆ ವಿಷಯ ಹೊಳೆಯಿತು. ಆಮೇಲೆ ಬಟ್ಟೆಯೂ ಇಲ್ಲದೆ, ದಾರವೂ ಇಲ್ಲದೆ, ಕಾಲು ಸೋಲುವ ತನಕ ಬರೀ ಪೆಡಲ್ ತುಳಿಯುತ್ತಾ ಕೂತಿದ್ದೆ. ಗಿರಾಕಿಯೊಬ್ಬರು ಬಾಗಿಲಿಗೆ ಬಂದು ನೋಡಿ, ಏನೂ ಕೇಳದೆ ಹೋದರು.

ಅವರು ಎದ್ದ ಮೇಲೆ ನೇರವಾಗಿ ಕೇಳಿದೆ. "ಅತ್ತೆ, ನಿಮಗೆ ಆ ಫ್ಯಾನಿನ ಸದ್ದು ಬೇಕಾ?"

ಅತ್ತೆ ಪ್ಯಾಂಟಿನ ಮಡಿಕೆಯನ್ನು ಮತ್ತೆ ಕೈಗೆತ್ತಿಕೊಂಡರು. "ಅವನಿಗೆ ಹೇಳ್ಬೇಡ. ಅಷ್ಟು ಆಸೆಯಿಂದ ಮಾಡಿಕೊಟ್ಟಿದಾನೆ."

"ಹೇಳಲ್ಲ. ನೀವು ಹೇಳಿ."

"ಇಷ್ಟು ವರ್ಷ ಒಬ್ಬಳೇ ಇದ್ದೆ ಕಣೇ" ಎಂದರು. "ಕತ್ತಲಲ್ಲಿ ಅದು ಟಕ್ ಅಂದ್ರೆ, ಪಕ್ಕದಲ್ಲಿ ಯಾರೋ ಮಗ್ಗುಲು ಬದಲಾಯಿಸಿದ ಹಾಗೆ. ಯಾರೋ ಇದಾರೆ ಬಿಡು ಅಂತ ಕಣ್ಣು ಮುಚ್ತಿದ್ದೆ. ಈಗ ಅದು ಎಷ್ಟು ಚೆನ್ನಾಗಿ ಓಡುತ್ತೆ ಅಂದ್ರೆ, ರೂಮಲ್ಲಿ ಯಾರೂ ಇಲ್ಲ ಅನ್ಸುತ್ತೆ."

"ನಾವಿದೀವಲ್ಲ ಅತ್ತೆ, ಗೋಡೆ ಆಚೆ."

"ಇದೀರಿ. ತಲೆಗೆ ಗೊತ್ತು. ನಿದ್ದೆಗೆ ಗೊತ್ತಿಲ್ಲ."

ನನ್ನ ಕಣ್ಣು ತುಂಬಿ ಬಂತು. ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ಬಗ್ಗಿಸಿದೆ.

ನನ್ನ ಬಾಯಲ್ಲಿ ಗುಟ್ಟು ನಿಂತ ಇತಿಹಾಸವಿಲ್ಲ. ಇವರು ಸಂಜೆ ಚಪ್ಪಲಿ ಬಿಡುವ ಮೊದಲೇ ಎಲ್ಲ ಹೇಳಿ ಮುಗಿಸಿದೆ. ಇವರು ಚಪ್ಪಲಿ ಹಾಕಿಕೊಂಡೇ ಸ್ಟೂಲಿನ ಮೇಲೆ ಕೂತರು. ಕಾರ್ಖಾನೆಯವರ ಹೆಬ್ಬೆಟ್ಟು ಉಳಿಸಿದ ಮನುಷ್ಯ, ಸ್ವಂತ ಅತ್ತೆಯ ಗುರುತನ್ನು ಒರೆಸಿಹಾಕಿದ್ದೆನಲ್ಲ ಎಂದು ಇವರಿಗೆ ಅನ್ನಿಸಿದ್ದು ಮುಖದಲ್ಲೇ ಕಾಣುತ್ತಿತ್ತು.

"ಆ ಪಟ್ಟಿ ಇದ್ದಿದ್ರೆ ಈಗಲೇ ಹಾಕಿಬಿಡ್ತಿದ್ದೆ" ಎಂದರು. "ಜಜ್ಜಿಬಿಟ್ವಲ್ಲೇ."

"ಜಜ್ಜಿದ್ದು ನೀವು. ನಂದು ಕಾಫಿ ಮಾತ್ರ."

"ಬೇರೆ ಯಾವುದಾದ್ರೂ ಫ್ಯಾನು..." ಎಂದು ಹಾಲಿನ ಕಡೆ ನೋಡಿದರು. ಒಂದು ಪಟಾಲಮ್ಮಿನಷ್ಟು ಫ್ಯಾನುಗಳಿದ್ದವು, ಒಂದಕ್ಕಾದರೂ ಸದ್ದು ಮಾಡುವ ಯೋಗ್ಯತೆ ಇರಲಿಲ್ಲ. ಎಲ್ಲವನ್ನೂ ಇವರೇ ಸರಿಮಾಡಿದ್ದರು.

ಭಾನುವಾರ ಅತ್ತೆ ರೂಮು ನೋಡಲು ಹೊರಟ ಕೂಡಲೇ ಸಂಘದ ತುರ್ತು ಸಭೆ ಸೇರಿತು. ಇವರು ಫ್ಯಾನನ್ನು ನಡುವೆ ಇಟ್ಟು ವಿಷಯ ತಿಳಿಸಿದರು. ಇದನ್ನು ಕೆಡಿಸಿಕೊಡಬೇಕು.

"ಕೆಡಿಸೋದಾ?" ಎಂದರು ಮೇಷ್ಟ್ರು. "ಸಂಘದ ನಿಯಮದಲ್ಲಿ ಅದಕ್ಕೆ ಅವಕಾಶ ಇಲ್ಲ."

"ನಿಯಮ ಆಮೇಲೆ ನೋಡೋಣ ಮೇಷ್ಟ್ರೇ" ಎಂದು ಡಾಕ್ಟರಮ್ಮ ತೋಳು ಮಡಿಸಿದರು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಅಂದು ನಮ್ಮ ಮನೆಯಲ್ಲಿ ಗಾದೆ ತಲೆಕೆಳಗಾಯಿತು. ಎಂಥ ರೋಗವನ್ನಾದರೂ ವಾಸಿ ಮಾಡುವ ನಾಲ್ಕು ಜನರಿಗೆ ಒಂದು ಸಣ್ಣ ನೆಗಡಿ ಬರಿಸಲು ತಿಳಿಯಲಿಲ್ಲ. ಬೇಕರಿಯವರು ಸ್ಕ್ರೂಗಳನ್ನೆಲ್ಲ ಸಡಿಲಿಸಿ ನೋಡೋಣ ಎಂದರು. ಫ್ಯಾನು ಮೈತುಂಬ ಗಡಗಡ ನಡುಗಿ ಮೇಜಿನ ಅಂಚಿನವರೆಗೆ ನಡೆದುಕೊಂಡು ಹೋಯಿತು. ಮೇಷ್ಟ್ರು ಗ್ರೀಸು ಒರೆಸಿ ಒಣಗಿಸಿದರು. ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಕೂಗಿತು. ಇನ್ನು ಉಳಿದದ್ದು ಹೊಸ ಪಟ್ಟಿಯ ತೂತನ್ನೇ ಅರದಿಂದ ಉಜ್ಜಿ ಹಳೆಯದರ ಹಾಗೆ ಉದ್ದ ಮಾಡುವುದು. ಇವರು ಅರ ಹಿಡಿದುಕೊಂಡರು, ಕೈ ಮುಂದೆ ಹೋಗಲಿಲ್ಲ. ಚೆನ್ನಾಗಿರುವುದನ್ನು ಹಾಳು ಮಾಡಿ ಆ ಕೈಗೆ ಅಭ್ಯಾಸವಿಲ್ಲ. ಡಾಕ್ಟರಮ್ಮ ಪಕ್ಕದಲ್ಲಿ ನಿಂತು, ರೋಗಿಗೆ ಹೇಳುವ ದನಿಯಲ್ಲೇ "ಒಂಚೂರು, ಒಂಚೂರೇ, ಆಯ್ತು, ಮುಗೀತು" ಎನ್ನುತ್ತಾ ಉಜ್ಜಿಸಿದರು.

ಸದ್ದು ಸರಿಯೋ ತಪ್ಪೋ ಎಂದು ಹೇಳುವವರು ಯಾರು? ಇವರು ಮಲಗಿದ ಕೂಡಲೇ ನಿದ್ದೆ ಹೋಗುವವರು; ರಾತ್ರಿಯಿಡೀ ಅದನ್ನು ಕೇಳಿದವಳು ನಾನೊಬ್ಬಳೇ. ಬೈದುಕೊಂಡು ಕೇಳಿದ್ದು ಮರೆಯುವುದಿಲ್ಲ. ನಾನು ನಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಹಗಲಿನಲ್ಲೇ ಹಾಸಿಗೆಯ ಮೇಲೆ ಮಲಗಿ ದಿಂಬಿಗೆ ತಲೆಯಿಟ್ಟೆ. ಅತ್ತೆಯ ಕೋಣೆಯಲ್ಲಿ ಇವರು ಫ್ಯಾನು ಹಾಕಿದರು.

ಕಿಣ್. ಕಿಣ್ಣಕಿಣ್. ತಾಳ ಸರಿಯಿತ್ತು.

"ಹೇಗಿದೆ?" ಎಂದು ಗೋಡೆಯಾಚೆಯಿಂದ ಕೂಗಿದರು.

"ಸಿಟ್ಟು ಬರ್ತಿಲ್ಲ ರೀ" ಎಂದು ಕೂಗಿದೆ. "ಇದು ಗಂಟೆ ಹೊಡೆದ ಹಾಗಿದೆ. ಅದು ಹೀಗಿರಲಿಲ್ಲ. ಅದು ಕೆಮ್ಮಿದ ಹಾಗಿತ್ತು."

ಹಳೇ ಪಟ್ಟಿಯ ತೂತಿನಲ್ಲಿ ವರ್ಷಗಳ ಗ್ರೀಸು ಧೂಳಿನ ಜೊತೆ ಕಲೆತು ಮೆತ್ತೆಯ ಹಾಗೆ ಕೂತಿತ್ತು, ಅದನ್ನೆಲ್ಲಿಂದ ತರುವುದು ಎಂದು ನಾಲ್ವರೂ ತಲೆಯ ಮೇಲೆ ಕೈಹೊತ್ತರು. ನಾನು ಎದ್ದು ಹೋಗಿ ನನ್ನ ಡಬ್ಬಿಯಿಂದ ಕಾಜಾ ದಾರ ತಂದೆ. ಗುಂಡಿಯ ಮನೆಗೆ ಸುತ್ತುವ ದಪ್ಪ ದಾರ. ಅದನ್ನು ಗ್ರೀಸಿನಲ್ಲಿ ಎಳೆದು, ತೂತಿನೊಳಗೆ ಕೂರುವ ಮೊಳೆಗೆ ಕಾಜಾ ಹಾಕುವ ಹಾಗೇ ಒತ್ತಾಗಿ ಸುತ್ತಿ, ಗಂಟು ಹಾಕಿ ಹಲ್ಲಿನಿಂದ ಕಚ್ಚಿ ಹರಿದೆ. ಡಾಕ್ಟರಮ್ಮ "ಹಲ್ಲು" ಎಂದರು. ಕೇಳಿಸಿಕೊಳ್ಳದೆ ಮತ್ತೆ ಹೋಗಿ ಮಲಗಿದೆ.

ಟಕ್.

ಒಂದು ಉಸಿರಿನಷ್ಟು ಬಿಡುವು. ಅಬ್ಬ, ನಿಂತಿತಲ್ಲ ಎಂದು ಆಸೆ ಹುಟ್ಟಿತು.

ಟಕ್ಕಟಕ್.

ನನ್ನ ಮೈಯೆಲ್ಲ ಉರಿದುಹೋಯಿತು. "ಇದೇ ರೀ" ಎಂದು ಕೂಗಿದೆ. "ಇದನ್ನ ಎತ್ತಿ ಕಿಟಕಿಯಿಂದ ಆಚೆ ಎಸೀಬೇಕು ಅನ್ನಿಸ್ತಿದೆ." ಗೋಡೆಯಾಚೆ ಚಪ್ಪಾಳೆ ಕೇಳಿಸಿತು.

ಅತ್ತೆ ಬಂದಾಗ ಸಂಘದವರು ಹಾಲಿನಲ್ಲಿ ಒಂದು ರೇಡಿಯೊ ಸುತ್ತ ಕೂತು, ಅದರ ಬಗ್ಗೆ ಚರ್ಚಿಸುವವರ ಹಾಗೆ ನಟಿಸುತ್ತಿದ್ದರು. "ರೂಮು ಪರವಾಗಿಲ್ಲ, ಕಿಟಕಿ ಇದೆ" ಎಂದು ಹೇಳಿ ಅತ್ತೆ ಒಳಗೆ ಹೋಗಿ ಬ್ಯಾಗು ತೆಗೆದು ಬಟ್ಟೆ ಮಡಿಸತೊಡಗಿದರು. ಇವರು ಹಿಂದೆಯೇ ಹೋದರು. ಬಾಗಿಲ ಸಂದಿನಲ್ಲಿ ನಾನು.

"ಸೆಕೆ ಆಗ್ತಿದೆ ಅಲ್ವಾ ಅತ್ತೆ" ಎಂದು ಇವರು ಸ್ವಿಚ್ ಒತ್ತಿದರು.

ಫ್ಯಾನು ಎಡಕ್ಕೆ ತಿರುಗಿತು. ಟಕ್. ಅತ್ತೆಯ ಕೈ ಮಡಿಕೆಯ ಮೇಲೇ ನಿಂತಿತು. ಬಲಕ್ಕೆ ಹೋಯಿತು. ಟಕ್ಕಟಕ್. ಅವರು ನಿಧಾನವಾಗಿ ಮಂಚದ ಮೇಲೆ ಕೂತರು.

"ಇದನ್ನ ಯಾರು ಕೆಡಿಸಿದ್ದು?"

"ನಾನೇ ಅತ್ತೆ."

"ಅವಳು ಹೇಳಿದ್ಲಾ?"

"ಹೂಂ."

"ಅವಳ ಬಾಯಲ್ಲಿ ಒಂದು ಮಾತು ನಿಲ್ಲಲ್ಲ." ಇನ್ನೊಂದು ಸುತ್ತು ಕೇಳಿದರು. ಆಮೇಲೆ ಇವರನ್ನು ಕಣ್ತುಂಬ ನೋಡಿದರು. "ಆ ಗಡಿಯಾರಕ್ಕಿಂತ ಚೆನ್ನಾಗಿ ಕೆಡಿಸಿದೀಯ ಕಣೋ ಪುಟ್ಟ."

"ಹಾಗಾದ್ರೆ ನಾಳೆ ಹೋಗ್ತೀಯಾ ಅತ್ತೆ, ಇರ್ತೀಯಾ?"

"ಲೈನಲ್ಲೇ ಇರು" ಎಂದರು ಅತ್ತೆ. ಉತ್ತರ ಹೇಳುವವರ ಹಾಗೆ ಸ್ವಲ್ಪ ಹಿಂದಕ್ಕೆ ಒರಗಿದರು, ತಲೆ ಮಡಿಸಿಟ್ಟ ಬಟ್ಟೆಯ ಮೇಲೆ ಬಿತ್ತು, ಕಣ್ಣು ಮುಚ್ಚಿತು. ಇವರು ಕಾದರು. ನಾನೂ ಕಾದೆ. ಗೊರಕೆ ಶುರುವಾಯಿತು. ಹಾಲಿನಲ್ಲಿ ಮೇಷ್ಟ್ರು ಸುತ್ತಿಗೆಯನ್ನು ಸದ್ದಾಗದ ಹಾಗೆ ಚೀಲದೊಳಗಿಟ್ಟು, ಕಾಫಿ ಕೇಳದೆ ತುದಿಗಾಲಿನಲ್ಲಿ ಎಲ್ಲರನ್ನೂ ಕರೆದುಕೊಂಡು ಹೋದರು.

ಸೋಮವಾರ ಅತ್ತೆ ಬಹಳ ತಡವಾಗಿ ಎದ್ದರು. ಬ್ಯಾಗಿನ ಬಟ್ಟೆ ಮತ್ತೆ ಬೀರು ಸೇರಿತು. ಖಾಲಿ ಬ್ಯಾಗನ್ನು ನಾನು ತುಂಡುಬಟ್ಟೆ ತುಂಬಿಡಲು ಇಸಿದುಕೊಂಡೆ. ಸಂಘದ ಪದ್ಧತಿಯೂ ಬದಲಾಯಿತು. ಈಗ ಯಾರ ಸಾಮಾನನ್ನಾದರೂ ಬಿಚ್ಚುವ ಮೊದಲು ಯಜಮಾನರನ್ನು ಕೂರಿಸಿ ಕೇಳುತ್ತಾರೆ, ಇದರ ಯಾವ ತೊಂದರೆ ನಿಮಗೆ ಬೇಕು, ಯಾವುದು ಬೇಡ ಎಂದು. ಬಂದವರು ಮೊದಲು ನಗುತ್ತಾರೆ. ಆಮೇಲೆ ಯೋಚಿಸಿ, ಒಂದನ್ನಾದರೂ ಉಳಿಸಿಕೊಳ್ಳುತ್ತಾರೆ. ಅತ್ತೆಯ ಫ್ಯಾನಿನ ದಾರ ಆಗಾಗ ಸವೆಯುತ್ತದೆ. ಸವೆದದ್ದು ನನಗೆ ಮಲಗಿದಲ್ಲೇ ತಿಳಿಯುತ್ತದೆ, ಸಿಟ್ಟು ಕಡಿಮೆಯಾಗುತ್ತದೆ. ಬೆಳಿಗ್ಗೆ ಎದ್ದು ಹೊಸದು ಸುತ್ತುತ್ತೇನೆ.

ಮೊನ್ನೆ ರಜೆಯ ದಿನ. ನಾನು ಕಿಟಕಿಯ ಬಳಿ ಹೊಲಿಯುತ್ತಿದ್ದೆ, ಅತ್ತೆ ತಮ್ಮ ಕೋಣೆಯಲ್ಲಿ ಅಡ್ಡಾಗಿದ್ದರು. ಇವರು ಏನೋ ನೆನಪಾದವರ ಹಾಗೆ ಎಣ್ಣೆಯ ಡಬ್ಬಿ ಹಿಡಿದುಕೊಂಡು ಬಂದು ನನ್ನ ಪೆಡಲಿನ ಪಕ್ಕ ಮೊಣಕಾಲೂರಿ ಕೂತರು. ಕೊನೆಗೂ ಆ 'ನಾಳೆ' ಬಂದಿತ್ತು. ಡಬ್ಬಿಯನ್ನು ಬಗ್ಗಿಸಿದವರು ತಡೆದು, ಹೊಸ ಪದ್ಧತಿಯ ಪ್ರಕಾರ ನನ್ನ ಮುಖ ನೋಡಿದರು.

"ಈ ಕಿರ್ರೋ ಅನ್ನೋದು ಇರಲೋ, ತೆಗೀಲೋ?"

ವರ್ಷಗಳಿಂದ ಕಾದಿದ್ದೆ. ತೆಗೀರಿ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ ಬಂತು.

"ಇರಲಿ ಬಿಡೋ ಪುಟ್ಟ. ಅದು ಕೇಳಿಸದೇ ಇದ್ರೆ, ಇವಳು ಮನೇಲಿಲ್ಲ ಅನ್ಸುತ್ತೆ."

ಇವರು ಡಬ್ಬಿಯ ಮುಚ್ಚಳ ಹಾಕಿ ನನ್ನ ಕಡೆ ನೋಡಿದರು. ನಾನು ಕಾಲರನ್ನು ಸೂಜಿಯ ಕೆಳಗೆ ಸರಿಯಾಗಿ ಹಿಡಿದು, ಒಳಗಿನವರೆಗೂ ಕೇಳಿಸಲಿ ಎಂದು ಸ್ವಲ್ಪ ಜೋರಾಗಿಯೇ ತುಳಿದೆ.